ಮನೆ ತೋಟದಲ್ಲಿ ಈರುಳ್ಳಿ: ದಸರೆಗೆ ಒಟ್ಲು, ಯುಗಾದಿಗೆ ಗೆಡ್ಡೆ

ಈರುಳ್ಳಿಯನ್ನು ಅಡ್ಡಲಾಗಿ ಹೆಚ್ಚಿದಾಗ ಕಾಣುವ ಬಳೆಗಳಲ್ಲಿ ಬಹುಪಾಲು ಎಲೆಗಳ ಬುಡವೇ. ಗಿಡಕ್ಕೆ ಎಷ್ಟು ಎಲೆ ಬಂದಿರುತ್ತದೋ ಗೆಡ್ಡೆಗೆ ಹೆಚ್ಚುಕಡಿಮೆ ಅಷ್ಟು ಪದರ. ಎಲೆ ದಪ್ಪವಾದಷ್ಟೂ ಪದರವೂ ದಪ್ಪ. ಗೆಡ್ಡೆ ಉಬ್ಬಲು ಶುರುವಾದ ಮೇಲೆ ಹೊಸ ಎಲೆ ಬರುವುದು ನಿಲ್ಲುತ್ತಾ ಬರುತ್ತದೆ, ಇದ್ದ ಎಲೆಗಳ ಬುಡದಲ್ಲಿ ಆಹಾರ ಶೇಖರವಾಗುತ್ತದೆ. ಹಾಗಾಗಿ ಈರುಳ್ಳಿ ಬೆಳೆಯುವ ಕೆಲಸ ಎರಡೇ ಮಾತಿನದು: ನೆಟ್ಟ ಮೊದಲ ಎರಡು ತಿಂಗಳು ಎಲೆ ಬೆಳೆಸಿ, ಆಮೇಲೆ ಗೊಬ್ಬರವನ್ನೂ ಕೊನೆಗೆ ನೀರನ್ನೂ ಸರಿಯಾದ ಹೊತ್ತಿಗೆ ನಿಲ್ಲಿಸಿ. ಗೋಲಿ ಗಾತ್ರದ ಗೆಡ್ಡೆ ಸಿಕ್ಕಿತೆಂದರೆ ಮೊದಲ ಭಾಗ ಕೈಕೊಟ್ಟಿದೆ. ದಪ್ಪ ಗೆಡ್ಡೆ ತಿಂಗಳೊಳಗೆ ಕೊಳೆಯಿತೆಂದರೆ ಎರಡನೆಯದು.

ಇಲ್ಲಿ ಕೊಟ್ಟಿರುವ ಲೆಕ್ಕವೆಲ್ಲ 10 ಅಡಿಗೆ 10 ಅಡಿ ಜಾಗದ್ದು. ಅದರಲ್ಲಿ 4 ಅಡಿ ಅಗಲ, 10 ಅಡಿ ಉದ್ದದ ಎರಡು ಪಾತಿ, ನಡುವೆ ಕೂತು ಕಳೆ ಕೀಳಲು 2 ಅಡಿ ದಾರಿ. ಸಾಲಿನಿಂದ ಸಾಲಿಗೆ 6 ಅಂಗುಲ, ಗಿಡದಿಂದ ಗಿಡಕ್ಕೆ 4 ಅಂಗುಲ ಬಿಟ್ಟರೆ ಪಾತಿಗೆ 240ರಂತೆ ಒಟ್ಟು 480 ಗಿಡ. ಗೆಡ್ಡೆಯೊಂದು 60 ಗ್ರಾಂ ತೂಗಿ, ಒಂದಷ್ಟು ಗಿಡ ಹಾಳಾದರೂ 20ರಿಂದ 25 ಕೆಜಿ ಬರುತ್ತದೆ. ದಿನಕ್ಕೆ ಕಾಲು ಕೆಜಿ ಬಳಸುವ ಮನೆಗೆ ಮೂರು ತಿಂಗಳಿಗೆ ಸಾಕು.

ಕಾಲ

ಕರ್ನಾಟಕದಲ್ಲಿ ಈರುಳ್ಳಿ ಮುಂಗಾರಿನಲ್ಲೂ ಹಿಂಗಾರಿನಲ್ಲೂ ಆಗುತ್ತದೆ. ಚಿತ್ರದುರ್ಗ, ಗದಗ, ಹಾವೇರಿ, ಧಾರವಾಡದ ಹೊಲಗಳಲ್ಲಿ ಮುಂಗಾರು ಬೆಳೆಯೇ ದೊಡ್ಡದು. ಮನೆ ತೋಟಕ್ಕೆ ಮಾತ್ರ ಹಿಂಗಾರನ್ನೇ ಹಿಡಿಯಿರಿ. ಮಳೆಗಾಲದಲ್ಲಿ ಎಲೆಯ ರೋಗ ಹೆಚ್ಚು, ಪಾತಿಯಲ್ಲಿ ನೀರು ನಿಲ್ಲುತ್ತದೆ, ಕಿತ್ತ ಗೆಡ್ಡೆ ಆರಿಸಲು ಬಿಸಿಲು ಸಿಗುವುದಿಲ್ಲ. ಮುಂಗಾರಿನ ಗೆಡ್ಡೆ ಒಂದು, ಒಂದೂವರೆ ತಿಂಗಳಿಗಿಂತ ಹೆಚ್ಚು ಕಾಲ ಇಡಲಾಗದು. ಹಿಂಗಾರಿನದು ಚೆನ್ನಾಗಿ ಆರಿದರೆ ನಾಲ್ಕೈದು ತಿಂಗಳು ತಡೆಯುತ್ತದೆ.

ದಸರೆಯಿಂದ ದೀಪಾವಳಿಯ ನಡುವೆ ಒಟ್ಲು ಬಿಡಿ, ಅಂದರೆ ಸಸಿಗಾಗಿ ಬೇರೆ ಮಡಿಯಲ್ಲಿ ಬೀಜ ಬಿತ್ತಿ. ಡಿಸೆಂಬರ್ ಮೊದಲ ವಾರದಿಂದ ಕೊನೆಯವರೆಗೆ ಸಸಿ ನೆಡಿ. ತಳಿಗೆ ತಕ್ಕಂತೆ ನೆಟ್ಟು 100ರಿಂದ 120 ದಿನಕ್ಕೆ, ಅಂದರೆ ಯುಗಾದಿಯ ಆಸುಪಾಸಿನಲ್ಲಿ ಗೆಡ್ಡೆ ಸಿದ್ಧವಾಗುತ್ತದೆ. ಏಪ್ರಿಲ್ ನಡುವಿನ ಅಶ್ವಿನಿ ಮಳೆ ಹನಿಯುವ ಮೊದಲೇ ಕಿತ್ತು, ಆರಿಸಿ, ಒಳಗಿಟ್ಟಿರಬೇಕು. ಈ ಗಡುವಿನಿಂದ ಹಿಂದಕ್ಕೆ ಎಣಿಸಿಯೇ ಬಿತ್ತುವ ದಿನ ಗೊತ್ತು ಮಾಡಿಕೊಳ್ಳಿ. ಜನವರಿ ಕೊನೆಗೆ ನೆಟ್ಟರೆ ಎಲೆ ಬೆಳೆಯಲು ತಂಪಿನ ದಿನಗಳು ಸಿಗದೆ ಬಿಸಿಲು ಏರಿ, ಏಳೆಂಟು ಎಲೆಗೇ ಗೆಡ್ಡೆ ಕಟ್ಟಲು ಶುರು ಮಾಡುತ್ತದೆ.

ಕರಾವಳಿ, ಮಲೆನಾಡಿನಲ್ಲಿ ಹಿಂಗಾರೊಂದೇ ದಾರಿ. ಅಕ್ಟೋಬರ್‌ನ ಮಳೆಗೆ ಸಿಗದಂತೆ ಒಟ್ಲಿನ ಮೇಲೆ ಪ್ಲಾಸ್ಟಿಕ್ ಹಾಳೆಯ ಮಾಡು ಕಟ್ಟಿ. ಕುಮಟಾದ ಅಳ್ವೆಕೋಡಿ, ಹಂದಿಗೋಣ, ವನ್ನಳ್ಳಿಯ ಕಡೆ ಗದ್ದೆಯ ಭತ್ತ ಕೊಯ್ದ ಮೇಲೆ ಸಿಹಿ ಈರುಳ್ಳಿ ಬೆಳೆದು, ಬೇಸಿಗೆಯಲ್ಲಿ ಹೆದ್ದಾರಿ ಬದಿಯಲ್ಲಿ ಗೊಂಚಲು ಗೊಂಚಲಾಗಿ ನೇತುಹಾಕಿ ಮಾರುತ್ತಾರೆ. ಅಷ್ಟು ಮಳೆ ಬೀಳುವ ನಾಡಿನಲ್ಲೂ ಒಣ ತಿಂಗಳುಗಳನ್ನು ಸರಿಯಾಗಿ ಹಿಡಿದರೆ ಎಂಥ ಈರುಳ್ಳಿ ಬರುತ್ತದೆ ಎನ್ನುವುದಕ್ಕೆ ಆ ಗೊಂಚಲುಗಳೇ ಸಾಕ್ಷಿ.

ಬೀಜ

ಈರುಳ್ಳಿ ಗೆಡ್ಡೆ ಕಟ್ಟುವುದು ಹಗಲಿನ ಉದ್ದ ನೋಡಿ. ನಮ್ಮ ಊರುಗಳಲ್ಲಿ ಹಗಲು ಹೆಚ್ಚು ಏರಿಳಿಯುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರ್‌ನಲ್ಲಿ ಸುಮಾರು ಹನ್ನೊಂದೂಕಾಲು ಗಂಟೆ, ಜೂನ್‌ನಲ್ಲಿ 13 ಗಂಟೆಗೆ ಸ್ವಲ್ಪ ಕಡಿಮೆ. ಇಲ್ಲಿಯ ತಳಿಗಳಿಗೆ 11ರಿಂದ 12 ಗಂಟೆ ಹಗಲು ಸಾಕು. ಯುರೋಪ್, ಅಮೆರಿಕದ ಉತ್ತರ ಭಾಗದ ತಳಿಗಳು 14ರಿಂದ 16 ಗಂಟೆ ಹಗಲು ಕೇಳುತ್ತವೆ. ಚೆಂದದ ಚಿತ್ರ ನೋಡಿ ಆನ್‌ಲೈನ್‌ನಲ್ಲಿ ಅಂಥ ಬೀಜ ತರಿಸಿದರೆ ಸೊಂಪಾದ ಎಲೆ ಸಿಗುತ್ತದೆಯೇ ಹೊರತು ಗೆಡ್ಡೆ ಸಿಗುವುದಿಲ್ಲ. ಎಷ್ಟು ಆರೈಕೆ ಮಾಡಿದರೂ ಇದು ಬದಲಾಗದು. ಹೊರದೇಶದಲ್ಲಿರುವ ಕನ್ನಡಿಗರು ಊರಿನಿಂದ ಬೀಜ ಒಯ್ದು ಬಿತ್ತಿದರೆ ಇದೇ ತೊಡಕು ತಲೆಕೆಳಗಾಗಿ ಬರುತ್ತದೆ: ಅಲ್ಲಿಯ ವಸಂತದ ಉದ್ದ ಹಗಲಿಗೆ ನಮ್ಮ ತಳಿ ಮೂರ್ನಾಲ್ಕು ಎಲೆಗೇ ಪುಟಾಣಿ ಗೆಡ್ಡೆ ಕಟ್ಟಿ ಮಲಗುತ್ತದೆ. ಅವರು ಅಲ್ಲಿಯ ಬೀಜವನ್ನೇ ಕೊಳ್ಳಬೇಕು.

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ನಿಕೇತನ್ ಹಿಂಗಾರಿಗೆ ಹೇಳಿಮಾಡಿಸಿದ ತಳಿ. ಖಾರ ಚೆನ್ನಾಗಿದೆ, ಇಟ್ಟರೂ ಕೆಡುವುದಿಲ್ಲ. ಮುಂಗಾರಿನಲ್ಲಿ ಬೆಳೆಯಲೇಬೇಕೆಂದರೆ ನೇರಳೆ ಮಚ್ಚೆ ರೋಗವನ್ನು ತಕ್ಕಮಟ್ಟಿಗೆ ತಡೆಯುವ ಅರ್ಕಾ ಕಲ್ಯಾಣ್ ಒಳ್ಳೆಯದು. ಪುಣೆ ಬಳಿಯ ರಾಜಗುರುನಗರದ ಸಂಶೋಧನಾ ನಿರ್ದೇಶನಾಲಯದ ಭೀಮಾ ಶಕ್ತಿ, ಭೀಮಾ ಕಿರಣ್ ಕೂಡ ಹಿಂಗಾರಿಗೆ ಒಗ್ಗುತ್ತವೆ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕೆಂಪು ಮಣ್ಣಿನ ಬೆಂಗಳೂರು ಗುಲಾಬಿ ಈರುಳ್ಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ತಳ ಚಪ್ಪಟೆ, ಖಾರ ಜೋರು, ಇಡಿಯಾಗಿ ಉಪ್ಪಿನಕಾಯಿಗೆ ಹೊಂದುವ ಗಾತ್ರ. ಅರ್ಕಾ ಬಿಂದು ಈ ಗುಂಪಿನದೇ.

ತಳಿಗಿಂತ ಮುಖ್ಯ ಬೀಜದ ವಯಸ್ಸು. ಈರುಳ್ಳಿ ಬೀಜದ ಜೀವ ಬಹಳ ಗಿಡ್ಡ. ಸೆಕೆ ಮತ್ತು ತೇವವಿರುವ ಕಡೆ ಇಟ್ಟ ಬೀಜ ವರ್ಷ ತುಂಬುವುದರೊಳಗೆ ಅರ್ಧಕ್ಕರ್ಧ ಸತ್ತಿರುತ್ತದೆ. ಪೊಟ್ಟಣದ ಮೇಲೆ ಪರೀಕ್ಷೆಯ ದಿನಾಂಕ ನೋಡಿ. ದಿನಾಂಕವಿಲ್ಲದ ಬಿಡಿ ಬೀಜ ಬೇಡ. ಬಿತ್ತುವ ಹತ್ತು ದಿನ ಮೊದಲು 20 ಬೀಜವನ್ನು ಒದ್ದೆ ಬಟ್ಟೆಯಲ್ಲಿ ಮಡಿಚಿ, ಡಬ್ಬದಲ್ಲಿಟ್ಟು ನೆರಳಿನಲ್ಲಿಡಿ. ಏಳೆಂಟು ದಿನದಲ್ಲಿ 14ಕ್ಕಿಂತ ಹೆಚ್ಚು ಮೊಳೆತರೆ ಧೈರ್ಯವಾಗಿ ಬಿತ್ತಿ. ಹತ್ತಕ್ಕಿಂತ ಕಡಿಮೆಯಾದರೆ ಬೇರೆ ಬೀಜ ತನ್ನಿ. ಗ್ರಾಂಗೆ ಸುಮಾರು 250ರಿಂದ 300 ಬೀಜ ಬರುತ್ತವೆ. 480 ಗಿಡಕ್ಕೆ 5 ಗ್ರಾಂ ತಂದರೆ ಬಡಕಲು ಸಸಿ ಬಿಟ್ಟು ಗಟ್ಟಿಯಾದವನ್ನೇ ಆರಿಸಿಕೊಳ್ಳಬಹುದು.

ಒಟ್ಲು ಪಾತಿ

3 ಅಡಿ ಉದ್ದ, 2 ಅಡಿ ಅಗಲ ಸಾಕು. ನೆಲದಿಂದ ಗೇಣಿಗೆ ಸ್ವಲ್ಪ ಕಡಿಮೆ, ಐದಾರು ಅಂಗುಲ ಎತ್ತರಿಸಿ. ಹೆಂಟೆ ಒಡೆದು, ಕಲ್ಲು ಆರಿಸಿ, ಜರಡಿ ಹಿಡಿದ ಹಳೆಯ ಕೊಟ್ಟಿಗೆ ಗೊಬ್ಬರ ಐದಾರು ಕೆಜಿ, ಅದರಲ್ಲಿ ಬೆರೆಸಿದ ಟ್ರೈಕೋಡರ್ಮಾ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ) ಪುಡಿ ಎರಡು ಚಮಚ ಸೇರಿಸಿ. ಟ್ರೈಕೋಡರ್ಮಾವನ್ನು ಒಣ ಗೊಬ್ಬರಕ್ಕೆ ಹಾಕಿದರೆ ಉಪಯೋಗವಿಲ್ಲ. ಗೊಬ್ಬರಕ್ಕೆ ನೀರು ಚಿಮುಕಿಸಿ, ಪುಡಿ ಕಲೆಸಿ, ಒದ್ದೆ ಗೋಣಿ ಮುಚ್ಚಿ ನೆರಳಿನಲ್ಲಿ ವಾರವೊಪ್ಪತ್ತು ಇಟ್ಟರೆ ಅದರಲ್ಲಿ ಶಿಲೀಂಧ್ರ ಬೆಳೆದು ಹರಡಿರುತ್ತದೆ. ಆಮೇಲೆ ಪಾತಿಗೆ ಬೆರೆಸಿ.

ಬೀಜವನ್ನು ಎರಚಬೇಡಿ. ಎರಚಿದರೆ ಒಂದು ಕಡೆ ಗಿಜಿಗುಟ್ಟಿ ಇನ್ನೊಂದು ಕಡೆ ಬೋಳಾಗುತ್ತದೆ, ಗಿಜಿಗುಟ್ಟಿದ ಕಡೆಯೇ ಸಸಿ ಕೊಳೆ ರೋಗ ಮೊದಲು ಬರುತ್ತದೆ. ಎರಡು ಅಂಗುಲಕ್ಕೊಂದು ಗೀರು ಎಳೆದು, ಅರ್ಧ ಅಂಗುಲಕ್ಕಿಂತ ಆಳ ಹೋಗದಂತೆ ಬೀಜ ಉದುರಿಸಿ, ಜರಡಿ ಗೊಬ್ಬರದಿಂದ ತೆಳ್ಳಗೆ ಮುಚ್ಚಿ. ಮೇಲೆ ಭತ್ತದ ಹುಲ್ಲು ಹಾಸಿ ಹೂಜಿಯಿಂದ ನೀರು ಹನಿಸಿ. ಆರರಿಂದ ಹತ್ತು ದಿನದಲ್ಲಿ ಮೊಳಕೆ ಕೊಕ್ಕೆಯಂತೆ ಬಾಗಿ ಮೇಲೆ ಬರುತ್ತದೆ. ಮೊದಲ ಕೊಕ್ಕೆ ಕಂಡ ಸಂಜೆಯೇ ಹುಲ್ಲು ತೆಗೆಯಿರಿ. ಒಂದೆರಡು ದಿನ ತಡವಾದರೂ ಸಸಿ ಹುಲ್ಲಿನೊಳಗೆ ಬಿಳಿಚಿ ಉದ್ದವಾಗಿ, ತೆಗೆದಾಗ ಮಲಗಿಬಿಡುತ್ತದೆ.

ಬಳಿಕ ನೀರು ಬೆಳಿಗ್ಗೆ ಮಾತ್ರ. ರಾತ್ರಿಯಿಡೀ ಒದ್ದೆಯಿರುವ ಮಡಿಯಲ್ಲಿ ಸಸಿಯ ಬುಡ ನೀರುನೀರಾಗಿ ಕೊಳೆತು ತಟ್ಟೆಯಗಲ ಜಾಗ ಬರಿದಾಗುತ್ತದೆ. ಹಾಗೇನಾದರೂ ಕಂಡರೆ ಆ ಜಾಗದ ಸಸಿ ಮತ್ತು ಮಣ್ಣನ್ನು ಸುತ್ತ ಎರಡು ಅಂಗುಲ ಸೇರಿಸಿ ತೆಗೆದುಹಾಕಿ, ಎರಡು ದಿನ ನೀರು ಬಿಡಬೇಡಿ. ನೆಡುವ ವಾರ ಮೊದಲು ನೀರು ಕಡಿಮೆ ಮಾಡುತ್ತಾ ಬನ್ನಿ, ಸಸಿ ಗಟ್ಟಿಯಾಗುತ್ತದೆ. ಕೀಳುವ ಹಿಂದಿನ ಸಂಜೆ ಮಾತ್ರ ಚೆನ್ನಾಗಿ ನೆನೆಸಿ, ಇಲ್ಲದಿದ್ದರೆ ಬೇರು ಹರಿದುಹೋಗುತ್ತದೆ.

ಪಾತಿ ಸಿದ್ಧತೆ

ದಿನಕ್ಕೆ ಆರೇಳು ಗಂಟೆ ನೇರ ಬಿಸಿಲು ಬೀಳುವ ಜಾಗವೇ ಬೇಕು. ತೆಂಗಿನ ಮರದ ಕೆಳಗೆ, ಗೋಡೆಯ ನೆರಳಿನಲ್ಲಿ ಎಲೆ ಬರುತ್ತದೆ, ಗೆಡ್ಡೆ ಬರುವುದಿಲ್ಲ. ಹಿಂದಿನ ಎರಡು ಮೂರು ವರ್ಷಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬೆಳೆದ ಪಾತಿ ಬೇಡ. ಬುಡ ಕೊಳೆ ರೋಗದ ಶಿಲೀಂಧ್ರ ಮಣ್ಣಿನಲ್ಲೇ ಉಳಿದಿರುತ್ತದೆ. ಅಲಸಂದೆ, ಹುರುಳಿಕಾಯಿ ಬೆಳೆದ ಜಾಗ ಸಿಕ್ಕರೆ ಬಹಳ ಒಳ್ಳೆಯದು.

ಈರುಳ್ಳಿಯ ಬೇರು ದಟ್ಟವಾಗಿ ಹಬ್ಬುವುದಿಲ್ಲ, ಕವಲೂ ಕಡಿಮೆ. ಬಹುಪಾಲು ಮೇಲಿನ ಏಳೆಂಟು ಅಂಗುಲದಲ್ಲೇ ಹರಡುತ್ತದೆ. ಆದ್ದರಿಂದ ಆಳವಾಗಿ ಅಗೆಯುವುದಕ್ಕಿಂತ ಮೇಲಿನ ಮಣ್ಣನ್ನು ಹದ ಮಾಡುವುದರ ಮೇಲೆ ಶ್ರಮ ಹಾಕಿ. ಗುದ್ದಲಿಯಿಂದ ಒಂದು ಅಡಿ ಅಗೆದು ವಾರ ಬಿಸಿಲಿಗೆ ಬಿಟ್ಟು, ಎರಡೂ ಪಾತಿಗೆ ಸೇರಿ 20ರಿಂದ 25 ಕೆಜಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ ಬೆರೆಸಿ. ಹಸಿ ಸಗಣಿ ಹಾಕಿದರೆ ಗೊಣ್ಣೆ ಹುಳುವೂ ಕಳೆ ಬೀಜವೂ ಜೊತೆಗೇ ಬರುತ್ತವೆ. ಕಪ್ಪು ಜಿಗಟು ಮಣ್ಣಾದರೆ ಎರಡು ಮೂರು ಬಾಂಡಲಿ ಮರಳು, ಅಷ್ಟೇ ಎಲೆಗೊಬ್ಬರ ಸೇರಿಸಿ ಪಾತಿಯನ್ನು ಅರ್ಧ ಅಡಿ ಎತ್ತರಿಸಿ. ಕೆಂಪು ಮಣ್ಣಿಗೆ ಎತ್ತರ ಅಷ್ಟೊಂದು ಬೇಕಿಲ್ಲ.

ರಾಸಾಯನಿಕ ಗೊಬ್ಬರ ಬಳಸುವವರಿಗೆ ಅಳತೆ: ನೆಡುವ ಮುನ್ನ ಎರಡೂ ಪಾತಿಗೆ ಸೇರಿ 200 ಗ್ರಾಂ ಸಿಂಗಲ್ ಸೂಪರ್ ಫಾಸ್ಫೇಟ್, 75 ಗ್ರಾಂ ಪೊಟ್ಯಾಷ್, 60 ಗ್ರಾಂ ಯೂರಿಯಾ. ರಂಜಕಕ್ಕೆ ಡಿಎಪಿ ಬದಲು ಸೂಪರ್ ಫಾಸ್ಫೇಟನ್ನೇ ಆರಿಸಲು ಕಾರಣವಿದೆ: ಅದರಲ್ಲಿ ಗಂಧಕವಿದೆ, ಈರುಳ್ಳಿಯ ಘಾಟು ಗಂಧಕದ ಸಂಯುಕ್ತಗಳಿಂದಲೇ ಬರುವುದು. ರಾಸಾಯನಿಕ ಬೇಡವೆನ್ನುವವರು ಇದರ ಬದಲು ಐದು ಕೆಜಿ ಎರೆಗೊಬ್ಬರ, ಎರಡು ಬೊಗಸೆ ಸೌದೆ ಒಲೆಯ ಬೂದಿ ಹಾಕಲಿ. ಇಳುವರಿ ತುಸು ಕಡಿಮೆಯಾದರೂ ಗೆಡ್ಡೆ ಗಟ್ಟಿಯಾಗಿರುತ್ತದೆ.

ನಾಟಿ

ಹಿಂಗಾರಿನಲ್ಲಿ 45ರಿಂದ 55 ದಿನದ ಸಸಿ ನೆಡಬೇಕು; ಮುಂಗಾರಿನಲ್ಲಿ 35ರಿಂದ 40 ದಿನದ್ದು. ಸಸಿಯ ಬುಡ ಪೆನ್ಸಿಲ್‌ಗಿಂತ ತುಸು ತೆಳ್ಳಗಿರಲಿ. ಅದಕ್ಕಿಂತ ದಪ್ಪನಾಗಿ ಬುಡ ಉಬ್ಬಿದ ಸಸಿಯನ್ನು ‘ಬಲವಾಗಿದೆ’ ಎಂದು ನೆಟ್ಟರೆ ಡಿಸೆಂಬರ್, ಜನವರಿಯ ಚಳಿಗೆ ಹೂದಂಟು ಎತ್ತುತ್ತದೆ. ಹುಲ್ಲಿನೆಳೆಯಂಥದು ನಾಟಿಯ ಆಘಾತ ತಡೆಯುವುದಿಲ್ಲ.

ಎಲೆಯ ತುದಿಯಿಂದ ಮೂರನೆಯ ಒಂದು ಭಾಗ ಕತ್ತರಿಸಿ. ಹೀಗೆ ಮಾಡಿದರೆ ಬೇರು ಹಿಡಿಯುವ ತನಕ ಎಲೆಯಿಂದ ನೀರು ಆರುವುದು ಕಡಿಮೆಯಾಗುತ್ತದೆ. ಒಂದು ಲೀಟರ್ ನೀರಿಗೆ 10 ಗ್ರಾಂ ಟ್ರೈಕೋಡರ್ಮಾ ಕಲಸಿ ಬೇರನ್ನು ಅರ್ಧ ಗಂಟೆ ಅದ್ದಿಡಿ. ಪಾತಿಯನ್ನು ಮೊದಲೇ ನೆನೆಸಿ, ಸಂಜೆ ನೆಡಿ.

ಆಳದ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ: ಒಂದು ಅಂಗುಲ, ಅಷ್ಟೇ. ಬೇರು ಮತ್ತು ಬುಡದ ಬಿಳಿ ಭಾಗ ಮಾತ್ರ ಮಣ್ಣಿನೊಳಗಿರಬೇಕು. ಆಳಕ್ಕೆ ಹೋದ ಸಸಿಯ ಗೆಡ್ಡೆ ದುಂಡಗಾಗದೆ ಉದ್ದುದ್ದ ಸೀಸೆಯಂತೆ ಬೆಳೆದು, ಕತ್ತು ದಪ್ಪಗಾಗುತ್ತದೆ. ನೆಟ್ಟ ಕೂಡಲೇ ನೀರು, ಮತ್ತೆ ಮೂರನೆಯ ದಿನ ನೀರು. ಹತ್ತು ದಿನದೊಳಗೆ ಸತ್ತ ಸಸಿಗಳ ಜಾಗಕ್ಕೆ ಮಿಕ್ಕವನ್ನು ನೆಟ್ಟು ತುಂಬಿಸಿ; ಆಮೇಲೆ ತುಂಬಿಸಿದವು ಅಕ್ಕಪಕ್ಕದವನ್ನು ಸರಿಗಟ್ಟುವುದಿಲ್ಲ.

ಮೊದಲ ಅರವತ್ತು ದಿನ: ಎಲೆ

ಈರುಳ್ಳಿ ಎಲೆ ಕೊಳವೆಯಂತೆ ನೆಟ್ಟಗೆ ನಿಲ್ಲುತ್ತದೆ, ನೆಲಕ್ಕೆ ನೆರಳು ಕೊಡುವುದೇ ಇಲ್ಲ. ಹಾಗಾಗಿ ಇದು ಕಳೆಯನ್ನು ತಾನಾಗಿ ಗೆಲ್ಲಲಾರದ ಬೆಳೆ. ನೆಟ್ಟ 20ನೆಯ ದಿನ ಒಮ್ಮೆ, 40ನೆಯ ದಿನ ಒಮ್ಮೆ ಪೂರ್ತಿ ಕಳೆ ಕಿತ್ತರೆ ಮಾತ್ರ ಗೆಡ್ಡೆಯ ಆಸೆ ಇಟ್ಟುಕೊಳ್ಳಬಹುದು. ಕುರುಚಿಗೆಯಿಂದ ಮೇಲಿನ ಅರ್ಧ ಅಂಗುಲ ಕೆರೆಯಿರಿ, ಆಳಕ್ಕೆ ಚುಚ್ಚಬೇಡಿ; ಬೇರು ಅಲ್ಲೇ ಇದೆ. ಜೇಕು ಇರುವ ನೆಲವಾದರೆ ನಾಟಿಗೆ ಮೊದಲೇ ಗೆಡ್ಡೆ ಸಮೇತ ಆರಿಸಿ ತೆಗೆಯುವುದೊಂದೇ ಪರಿಹಾರ. ಸಾಲುಗಳ ನಡುವೆ ಒಂದು ಅಂಗುಲ ದಪ್ಪ ಭತ್ತದ ಹುಲ್ಲು ಹಾಸಿದರೆ ಕಳೆಯೂ ಕಡಿಮೆ, ನೀರೂ ಉಳಿಯುತ್ತದೆ.

ನೆಟ್ಟ 30ನೆಯ ದಿನ 60 ಗ್ರಾಂ, 45ನೆಯ ದಿನ 60 ಗ್ರಾಂ ಯೂರಿಯಾವನ್ನು ಎರಡೂ ಪಾತಿಗೆ ಹಂಚಿ, ಸಾಲಿನ ನಡುವೆ ಉದುರಿಸಿ ನೀರು ಕೊಡಿ. ಎಲೆಯ ಸುಳಿಗೆ ಬೀಳದಂತೆ ನೋಡಿಕೊಳ್ಳಿ, ಸುಟ್ಟುಬಿಡುತ್ತದೆ. ಸಾವಯವದವರು ಇದೇ ದಿನಗಳಲ್ಲಿ ಎರಡೆರಡು ಕೆಜಿ ಎರೆಗೊಬ್ಬರ, ನಡುವೆ ವಾರಕ್ಕೊಮ್ಮೆ ಹತ್ತು ಪಾಲು ನೀರಿಗೆ ಒಂದು ಪಾಲು ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಹಿಟ್ಟು ಕಲಸಿ ಹುಳಿಸಿದ ನೀರು) ಕೊಡಬಹುದು. 60ನೆಯ ದಿನ ದಾಟಿದ ಮೇಲೆ ಸಾರಜನಕದ ಗೊಬ್ಬರ ಯಾವ ರೂಪದಲ್ಲೂ ಬೇಡ. ಗೆಡ್ಡೆ ಚಿಕ್ಕದಾಗಿದೆ ಎಂದು ಎಂಬತ್ತನೆಯ ದಿನ ಯೂರಿಯಾ ಹಾಕುವುದು ಅತಿ ಸಾಮಾನ್ಯ, ಅತಿ ದುಬಾರಿ ತಪ್ಪು. ಗಿಡ ಮತ್ತೆ ಎಲೆಗೆ ತಿರುಗುತ್ತದೆ, ಕತ್ತು ದಪ್ಪಗೆ ಹಸಿಯಾಗಿ ಉಳಿಯುತ್ತದೆ, ಒಣಗದ ಆ ಕತ್ತಿನ ಮೂಲಕವೇ ಕೊಳೆ ಒಳಗಿಳಿಯುತ್ತದೆ.

ನೀರನ್ನು ಬೆರಳಿನಿಂದ ಅಳೆಯಿರಿ. ಮೇಲಿನ ಒಂದು ಅಂಗುಲ ಒಣಗಿದ್ದರೆ ಕೊಡಿ. ಚಳಿಯ ದಿನಗಳಲ್ಲಿ ಇದು ನಾಲ್ಕೈದು ದಿನಕ್ಕೊಮ್ಮೆ ಬರಬಹುದು. ಫೆಬ್ರವರಿ, ಮಾರ್ಚ್‌ನಲ್ಲಿ ಎರಡು ಮೂರು ದಿನಕ್ಕೊಮ್ಮೆ ಪಾತಿಗೆ 40ರಿಂದ 50 ಲೀಟರ್ ಬೇಕಾಗುತ್ತದೆ. ವಾರ ಬಾಯಾರಿಸಿ ಒಮ್ಮೆಲೇ ತುಂಬಿಸಿದರೆ ಹೊರಪದರ ಸೀಳುತ್ತದೆ, ಜೋಡು ಗೆಡ್ಡೆಯೂ ಹೆಚ್ಚು. ನೀರು ಮಣ್ಣಿಗೆ ಬೀಳಲಿ, ಎಲೆಯ ಮೇಲೆ ಬೇಡ.

ಗೆಡ್ಡೆ ಉಬ್ಬುತ್ತಾ ಅರ್ಧಕ್ಕರ್ಧ ಮಣ್ಣಿನ ಮೇಲೆ ಕಾಣಿಸುತ್ತದೆ. ಆಲೂಗಡ್ಡೆಗೆ ಮಾಡುವಂತೆ ಮಣ್ಣು ಏರಿಸಲು ಹೋಗಬೇಡಿ. ಈರುಳ್ಳಿ ಹೀಗೇ ಮೇಲೆ ಕೂತು ಬೆಳೆಯಬೇಕು. ಮಣ್ಣು ಮುಚ್ಚಿದರೆ ಹೊರಸಿಪ್ಪೆ ಬಣ್ಣ ಕಟ್ಟದೆ ಕೊಳೆಯುತ್ತದೆ.

ಥ್ರಿಪ್ಸ್ ಮತ್ತು ಮಚ್ಚೆ

ಹಿಂಗಾರಿನ ದೊಡ್ಡ ವೈರಿ ಥ್ರಿಪ್ಸ್. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀರು, ಚುಕ್ಕೆ ಕಂಡರೆ ಒಳಗಿನ ಎರಡು ಎಲೆ ಬಿಡಿಸಿ ಸಂದಿನಲ್ಲಿ ನೋಡಿ. ತಿಳಿಹಳದಿ ಬಣ್ಣದ, ಸಾಸಿವೆಗಿಂತಲೂ ಸಣ್ಣ, ಉದ್ದನೆಯ ಹುಳುಗಳು ಓಡಾಡುತ್ತವೆ. ಒಣಹವೆ ಏರಿದಷ್ಟೂ ಇವುಗಳ ಸಂತಾನ ಏರುತ್ತದೆ. ಫೆಬ್ರವರಿ ಇವುಗಳ ಕಾಲ. ಗಿಡಕ್ಕೆ ಐದು ಹತ್ತು ಇದ್ದರೆ ಗಾಬರಿ ಬೇಡ. ಪೈಪಿನ ಬಾಯಿಗೆ ಬೆರಳಿಟ್ಟು ಸಂದಿಗೆ ರಭಸದ ನೀರು ಹೊಡೆದರೆ ಬಹಳಷ್ಟು ತೊಳೆದುಹೋಗುತ್ತವೆ. ಎಲೆಗೆ ನೀರು ಬೇಡವೆಂಬ ಮಾತಿಗೆ ಇದೊಂದು ವಿನಾಯಿತಿ, ಅದನ್ನೂ ಬೆಳಿಗ್ಗೆ ಮಾಡಿ, ಎಲೆ ಮಧ್ಯಾಹ್ನದೊಳಗೆ ಆರುತ್ತದೆ. ಹೆಚ್ಚಾದರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ. ಈರುಳ್ಳಿ ಎಲೆಗೆ ಮೇಣದ ಲೇಪವಿರುವುದರಿಂದ ಬರಿಯ ಸಿಂಪಡಣೆ ಜಾರಿಹೋಗುತ್ತದೆ. ನಾಲ್ಕೈದು ಅಂಟುವಾಳ ಕಾಯಿ ನೆನೆಸಿ ಕಿವುಚಿದ ನೀರಿಗೆ ಮೊದಲು ಎಣ್ಣೆ ಹಾಕಿ ಹಾಲಿನಂತಾಗುವವರೆಗೆ ಕಲಕಿ, ಆಮೇಲೆ ಮಿಕ್ಕ ನೀರು ಸೇರಿಸಿ. ಸಂಜೆ ಹೊಡೆಯಿರಿ, ಎಲೆಯ ಸಂದಿಗೆ ಗುರಿಯಿಟ್ಟು ಹೊಡೆಯಿರಿ, ವಾರದ ನಂತರ ಮತ್ತೆ ಹೊಡೆಯಿರಿ. ನಾಟಿಗೆ ಮೂರು ವಾರ ಮೊದಲೇ ಪಾತಿಯ ಸುತ್ತ ಎರಡು ಸಾಲು ಮೆಕ್ಕೆಜೋಳ ಒತ್ತಾಗಿ ಬಿತ್ತಿದ್ದರೆ ಗಾಳಿಯಲ್ಲಿ ತೇಲಿಬರುವ ಥ್ರಿಪ್ಸ್‌ಗೆ ಅಡ್ಡಿಯಾಗುತ್ತದೆ. ಆದರೆ ಪಾತಿಯ ಮೇಲೆ ನೆರಳು ಬೀಳದಷ್ಟು ದೂರವಿರಲಿ.

ನೇರಳೆ ಮಚ್ಚೆ ರೋಗ ಮಂಜು, ಮೋಡ, ಮಳೆಯ ದಿನಗಳದ್ದು. ಎಲೆಯಲ್ಲಿ ಬಿಳಿಯ ಗುಳಿಬಿದ್ದ ಚುಕ್ಕೆ ಮೊದಲು, ನಂತರ ನಡುವೆ ನೇರಳೆ, ಸುತ್ತ ಹಳದಿ. ಎಲೆ ಅಲ್ಲೇ ಮುರಿದು ಜೋಲುತ್ತದೆ. ಥ್ರಿಪ್ಸ್ ಕೆರೆದ ಗಾಯ ಈ ರೋಗಕ್ಕೆ ಬಾಗಿಲು ತೆರೆದಂತೆ, ಒಂದನ್ನು ಹಿಡಿತದಲ್ಲಿಟ್ಟರೆ ಇನ್ನೊಂದೂ ತಗ್ಗುತ್ತದೆ. ಮಚ್ಚೆ ಬಿದ್ದ ಎಲೆ ಕತ್ತರಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ವೇಗವಾಗಿ ಹರಡುತ್ತಿದ್ದರೆ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಶಿಲೀಂಧ್ರನಾಶಕ, ಜೊತೆಗೆ ಅಂಟು ದ್ರಾವಣ. ಮ್ಯಾಂಕೋಜೆಬ್ ಹೊಡೆದ ಗಿಡದ ಸೊಪ್ಪು ಪಲ್ಯಕ್ಕೆ ಬೇಡ.

ಎಲೆ ಹಾವಿನಂತೆ ತಿರುಚಿ ಸುರುಳಿಯಾಗಿ ಕತ್ತು ಉದ್ದವಾಗುವ ರೋಗ ಮುಂಗಾರಿನಲ್ಲಿ ನೀರು ನಿಂತ ಹೊಲಗಳಲ್ಲಿ ಹೆಚ್ಚು. ಎತ್ತರದ ಪಾತಿ, ಬಸಿಗಾಲುವೆಯೇ ಅದಕ್ಕೆ ಮೊದಲ ಮದ್ದು. ಎಲೆ ತುದಿಯಿಂದ ಹಳದಿಯಾಗುತ್ತಾ ಬಂದು, ಗಿಡ ಎಳೆದರೆ ಸಲೀಸಾಗಿ ಕೈಗೆ ಬಂದು, ಬುಡದ ಬೇರು ಕೊಳೆತಿದ್ದರೆ ಅದು ಬುಡ ಕೊಳೆ. ಆ ಗಿಡ ಉಳಿಯದು. ಕಿತ್ತೆಸೆದು ಸುತ್ತಲಿನ ಗಿಡಗಳಿಗೆ ಟ್ರೈಕೋಡರ್ಮಾ ನೀರು ಹಾಕಿ.

ಹೂದಂಟು ಬಂದ ಗಿಡವನ್ನು ಗುರುತು ಮಾಡಿಕೊಳ್ಳಿ. ದಂಟು ಚಿವುಟಿದರೂ ಗೆಡ್ಡೆಯ ನಡುವೆ ಗಟ್ಟಿ ಕಡ್ಡಿ ಉಳಿಯುತ್ತದೆ, ಅದು ಇಟ್ಟರೆ ನಿಲ್ಲುವುದಿಲ್ಲ. ಎಳೆಯದಿರುವಾಗಲೇ ಕಿತ್ತು ಅಡುಗೆಗೆ ಬಳಸಿ.

ಕೀಳುವುದು, ಆರಿಸುವುದು

ಸುಮಾರು 100 ದಿನಕ್ಕೆ ಗಿಡದ ಕತ್ತು ಮೆತ್ತಗಾಗಿ ಎಲೆ ತಾನಾಗಿಯೇ ಮಲಗಲು ಶುರುವಾಗುತ್ತದೆ. ಅಲ್ಲೊಂದು ಇಲ್ಲೊಂದು ಗಿಡ ಬಿದ್ದದ್ದು ಕಂಡ ದಿನ ನೀರು ನಿಲ್ಲಿಸಿ. ಮತ್ತೆ ಹತ್ತು, ಹದಿನೈದು ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಗಿಡ ಮಲಗಿರುತ್ತವೆ, ಆಗ ಕೀಳಿ. ಎಲ್ಲವೂ ಪೂರ್ತಿ ಒಣಗಲಿ ಎಂದು ಕಾದರೆ ಮೇಲಿನ ಸಿಪ್ಪೆ ಕಳಚಿ ಬೋಳಾಗುತ್ತದೆ, ಮತ್ತೆ ಬೇರು ಬಿಡುವುದೂ ಉಂಟು. ಬೇಗ ಬೀಳಲೆಂದು ಎಲೆ ತುಳಿಯುವ ರೂಢಿ ಕೆಲವೆಡೆ ಇದೆ. ಮನೆ ಪಾತಿಗೆ ಅದು ಬೇಡ, ಜಜ್ಜಿದ ಕತ್ತು ಕೊಳೆಗೆ ದಾರಿ. ಮುಂಗಾರಿನ ಬೆಳೆಯಲ್ಲಿ ಎಲೆ ಹೀಗೆ ಮಲಗುವುದೇ ಇಲ್ಲ. ಅಲ್ಲಿ ಎಲೆ ತುಸು ಹಳದಿಗೆ ತಿರುಗಿ, ಗೆಡ್ಡೆ ತಕ್ಕ ಗಾತ್ರ, ಬಣ್ಣ ಕಟ್ಟಿದ್ದನ್ನು ನೋಡಿ ಕೀಳಬೇಕು.

ಕಿತ್ತದ್ದನ್ನು ಎಲೆ ಸಮೇತ ಪಾತಿಯಲ್ಲೇ ಸಾಲಾಗಿ ಮಲಗಿಸಿ, ಒಂದು ಸಾಲಿನ ಎಲೆ ಮುಂದಿನ ಸಾಲಿನ ಗೆಡ್ಡೆಯನ್ನು ಮುಚ್ಚುವಂತೆ. ಏಪ್ರಿಲ್ ಬಿಸಿಲಿಗೆ ಬೆತ್ತಲೆ ಬಿಟ್ಟರೆ ಗೆಡ್ಡೆಯ ಒಂದು ಮಗ್ಗುಲು ಬೆಂದು ಮೆತ್ತಗಾಗುತ್ತದೆ. ಮೂರರಿಂದ ಐದು ದಿನ ಹೀಗೆ ಆರಿದ ಮೇಲೆ, ಗೆಡ್ಡೆಯ ಮೇಲೆ ಒಂದು ಅಂಗುಲ ಕತ್ತು ಬಿಟ್ಟು ಎಲೆ ಕತ್ತರಿಸಿ. ಬುಡಕ್ಕೇ ಕತ್ತರಿಸಿದರೆ ಗಾಯದ ಬಾಯಿ ಮುಚ್ಚಿಕೊಳ್ಳದೆ, ಕಪ್ಪು ಬೂಷ್ಟು ಒಳಪದರಕ್ಕೆ ಇಳಿಯುತ್ತದೆ. ಆಮೇಲೆ ಗಾಳಿಯಾಡುವ ನೆರಳಿನಲ್ಲಿ, ಜಗಲಿಯಲ್ಲೋ ಮಾಳಿಗೆಯ ಮಾಡಿನ ಕೆಳಗೋ ಒಂದೇ ಪದರ ಹರಡಿ ಹತ್ತು ಹನ್ನೆರಡು ದಿನ ಬಿಡಿ. ಕತ್ತನ್ನು ಬೆರಳಲ್ಲಿ ಹೊಸಕಿದರೆ ಕಾಗದದಂತೆ ಸರಸರ ಸದ್ದಾಗಬೇಕು, ತೇವ ತಾಕಬಾರದು.

ಇಡುವ ಮುನ್ನ ವಿಂಗಡಿಸಿ. ಜೋಡು ಗೆಡ್ಡೆ, ದಪ್ಪ ಕತ್ತಿನವು, ಗುದ್ದಲಿ ತಾಕಿದವು, ಹೂದಂಟಿನವು ಮೊದಲು ಅಡುಗೆಮನೆಗೆ. ಒಳ್ಳೆಯವನ್ನು ಬಲೆ ಚೀಲದಲ್ಲಿ ಮೂರ್ನಾಲ್ಕು ಕೆಜಿಯಂತೆ ತುಂಬಿ ತೂಗುಹಾಕಿ, ಅಥವಾ ಎಲೆ ಕತ್ತರಿಸದೆ ಕುಮಟಾದವರಂತೆ ಹೆಣೆದು ಗೊಂಚಲು ಕಟ್ಟಿ. ಪ್ಲಾಸ್ಟಿಕ್ ಚೀಲ, ಮುಚ್ಚಿದ ಡಬ್ಬ, ಫ್ರಿಜ್ ಮೂರೂ ಬೇಡ. ನಮ್ಮ ಬೇಸಿಗೆಯ ಸೆಕೆ ಈರುಳ್ಳಿಗೆ ತೊಂದರೆಯಲ್ಲ. 25ರಿಂದ 30 ಡಿಗ್ರಿಯಲ್ಲಿ ಅದು ನಿದ್ದೆಯಲ್ಲೇ ಇರುತ್ತದೆ. ಕೆಡಿಸುವುದು ತೇವ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಚೀಲ ಬಿಚ್ಚಿ ಮೆತ್ತಗಾದವನ್ನು ತೆಗೆದುಹಾಕಿ. ಒಂದು ಕೊಳೆತದ್ದು ಸುತ್ತಲಿನ ನಾಲ್ಕನ್ನು ಕೆಡಿಸುತ್ತದೆ.

ತಾರಸಿ, ಸಾಂಬಾರ್ ಈರುಳ್ಳಿ, ಮೊಳೆತ ಗೆಡ್ಡೆ

ನೆಲವಿಲ್ಲದವರು 2 ಅಡಿ ಉದ್ದ, 1 ಅಡಿ ಅಗಲ, 9 ಅಂಗುಲ ಆಳದ ಚೀಲ ಅಥವಾ ತೊಟ್ಟಿಯಲ್ಲಿ 18 ಗಿಡ ಬೆಳೆಯಬಹುದು. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಮರಳು. ತೆಂಗಿನ ನಾರಿನ ಪುಡಿ ಹೆಚ್ಚು ಬೆರೆಸಿದರೆ ಕೊನೆಯ ಹದಿನೈದು ದಿನ ಅದು ಒಣಗುವುದೇ ಇಲ್ಲ, ಗೆಡ್ಡೆ ಮಾಗುವುದಕ್ಕೆ ಅಡ್ಡಿ. ಮಾರ್ಚ್‌ನಲ್ಲಿ ದಿನಾ ನೀರು ಬೇಕಾಗುತ್ತದೆ. ಇಪ್ಪತ್ತು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರ, ಅರವತ್ತನೆಯ ದಿನದ ತನಕ.

ಮೊದಲ ಬಾರಿ ಬೆಳೆಯುವವರಿಗೆ, ಒಟ್ಲಿನ ಗೋಜು ಬೇಡವೆನ್ನುವವರಿಗೆ ಸಾಂಬಾರ್ ಈರುಳ್ಳಿಯೇ ಸರಿ. ಚಾಮರಾಜನಗರ ಜಿಲ್ಲೆಯಲ್ಲಿ ಇದನ್ನು ಹೇರಳವಾಗಿ ಬೆಳೆಯುತ್ತಾರೆ. ಅಂಗಡಿಯಲ್ಲಿ ಹೊಸದಾಗಿ ಬಂದದ್ದನ್ನಲ್ಲ, ಒಂದೆರಡು ತಿಂಗಳು ಇಟ್ಟು ತುದಿ ಹಸಿರಾಗಲು ಶುರುವಾದ, ಮಧ್ಯಮ ಗಾತ್ರದ ಗೆಡ್ಡೆ ಆರಿಸಿ. ತುದಿ ನೆಲಮಟ್ಟಕ್ಕೆ ಬರುವಂತೆ ಅದೇ 6 ಅಂಗುಲ, 4 ಅಂಗುಲ ಅಂತರದಲ್ಲಿ ಊರಿ. 65ರಿಂದ 80 ದಿನಕ್ಕೆ ಒಂದೊಂದು ಬುಡದಲ್ಲಿ ನಾಲ್ಕೈದು ಗೆಡ್ಡೆಯ ಗೊಂಚಲು.

ಅಡುಗೆಮನೆಯಲ್ಲಿ ಮೊಳೆತ ದೊಡ್ಡ ಈರುಳ್ಳಿ ನೆಟ್ಟರೆ ದೊಡ್ಡ ಗೆಡ್ಡೆ ಸಿಗುತ್ತದೆಂದು ಕಾಯಬೇಡಿ. ಅದರೊಳಗೆ ಎರಡು ಮೂರು ಸುಳಿಗಳಿರುತ್ತವೆ, ಎಲ್ಲವೂ ಎಲೆ ಬಿಟ್ಟು ಚಳಿಗೆ ಹೂದಂಟು ಎತ್ತುತ್ತವೆ. ಸೊಪ್ಪಿಗೆ ಅದು ಒಳ್ಳೆಯದು: ತೊಟ್ಟಿಯಲ್ಲಿ ಒತ್ತೊತ್ತಾಗಿ ಊರಿ, ಎಲೆ ಗೇಣುದ್ದ ಬಂದಾಗ ಬುಡದಿಂದ ಎರಡು ಅಂಗುಲ ಬಿಟ್ಟು ಕೊಯ್ಯಿರಿ, ಮೂರು ಕೊಯ್ಲಿನವರೆಗೂ ಬರುತ್ತದೆ. ಬೀಜ ಬೇಕೆಂದರೂ ಇದೇ ದಾರಿ. ನಿಮ್ಮದೇ ಬೆಳೆಯಲ್ಲಿ ಚೆನ್ನಾಗಿ ನಿಂತ, ಒಂಟಿ ಸುಳಿಯ, ದುಂಡಗಿನ ಗೆಡ್ಡೆಗಳನ್ನು ಅಕ್ಟೋಬರ್, ನವೆಂಬರ್‌ನಲ್ಲಿ ಒಂದು ಅಡಿಗೊಂದರಂತೆ ನೆಡಿ. ಒಂದೇ ಗೆಡ್ಡೆ ಸಾಲದು, ಹತ್ತು ಹನ್ನೆರಡಾದರೂ ಜೊತೆಗೆ ಹೂ ಬಿಡಬೇಕು. ಜೇನ್ನೊಣ ಪರಾಗ ಸಾಗಿಸುತ್ತದೆ, ಹೂ ಬಿಟ್ಟಿರುವಾಗ ಯಾವ ಔಷಧಿಯನ್ನೂ ಹೊಡೆಯಬೇಡಿ. ಅಕ್ಕಪಕ್ಕದಲ್ಲಿ ಬೇರೆ ತಳಿ ಹೂ ಬಿಟ್ಟಿದ್ದರೆ ಬೀಜ ಬೆರಕೆಯಾಗುತ್ತದೆ. ಹೂಗೊಂಚಲಿನಲ್ಲಿ ಕಪ್ಪು ಬೀಜ ಬಾಯಿ ತೆರೆದು ಕಾಣಿಸಿದಾಗ ದಂಟು ಸಮೇತ ಕೊಯ್ದು, ಬಟ್ಟೆಯ ಮೇಲೆ ನೆರಳಿನಲ್ಲಿ ಒಣಗಿಸಿ, ಉಜ್ಜಿ ಕೇರಿ. ಗಾಳಿಯಾಡದ ಗಾಜಿನ ಸೀಸೆಯಲ್ಲಿ, ತಳದಲ್ಲಿ ಹುರಿದು ಆರಿಸಿದ ಅಕ್ಕಿ ಒಂದು ಹಿಡಿ ಬಟ್ಟೆಯಲ್ಲಿ ಕಟ್ಟಿಟ್ಟು, ಮೇಲೆ ಬೀಜದ ಪೊಟ್ಟಣವಿಟ್ಟು ಮುಚ್ಚಿ. ಬಂದ ದಸರೆಗೇ ಬಿತ್ತಿ, ಮರುವರ್ಷಕ್ಕೆ ಉಳಿಸಬೇಡಿ.